ಮೂರು ಪೆಟ್ಟಿನ ಗಂಟೆ

೧೮ ಸೆಪ್ಟೆಂಬರ್ ೨೦೦೬, ಸೋಮವಾರ. ಬೈಲಹೊಂಗಲ

ಗೊಬ್ಬರದ ಅಂಗಡಿಯವರು ಜನವರಿಯಲ್ಲಿ ಪುಕ್ಕಟೆ ಕೊಟ್ಟ ಡೈರಿ, ಇಷ್ಟು ದಿನ ಟ್ರಂಕಿನಲ್ಲಿ ಮಲಗಿತ್ತು. ಪ್ರತಿ ಪುಟದ ಕೆಳಗೂ ರೈತರಿಗೊಂದು ಸಲಹೆ ಅಚ್ಚಾಗಿದೆ. ಇವತ್ತಿನದು: ‘ಕಳೆ ಸಣ್ಣದಿರುವಾಗಲೇ ಕೀಳಿರಿ.’ ಸರಕಾರದವರಿಗೂ ಯಾರೋ ಇದೇ ಡೈರಿ ಕೊಟ್ಟಿರಬೇಕು. ಕನ್ನಡ ಮಾಧ್ಯಮವೆಂದು ಪರವಾನಗಿ ಪಡೆದು ಇಂಗ್ಲಿಷಿನಲ್ಲಿ ಕಲಿಸುವ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದಂತೆ. ನಾಲ್ಕನೆಯ ತರಗತಿಯವರೆಗೆ ತಾಯ್ನುಡಿಯಲ್ಲೇ ಪಾಠವಾಗಬೇಕೆಂದು ತೊಂಬತ್ನಾಲ್ಕರಲ್ಲಿ ಆದೇಶ ಹೊರಟಿತ್ತು. ಶಾಲೆಗಳವರು ಅದರ ವಿರುದ್ಧ ಹೈಕೋರ್ಟಿಗೆ ಹೋದರು. ವ್ಯಾಜ್ಯ ಇನ್ನೂ ನಡೆದಿದೆ. ಈಗ ಸರಕಾರಕ್ಕೆ ಎಚ್ಚರವಾಗಿದೆ.

ಓದಿ ಬಹಳ ಸಂತೋಷಪಟ್ಟೆ. ಚಹಾ ಮುಗಿದ ಮೇಲೆ ನಾನು ಎಲ್ಲಿ ಕೆಲಸ ಮಾಡುತ್ತೇನೆಂಬುದು ನೆನಪಾಯಿತು.

ನಮ್ಮದು ನುಡಿಬೆಳಗು ವಿದ್ಯಾಮಂದಿರ. ಬೋರ್ಡು ಕನ್ನಡದ್ದು, ಪರವಾನಗಿ ಕನ್ನಡದ್ದು. ಊರವರ ಬಾಯಲ್ಲಿ ಮಾತ್ರ ಎನ್ವಿಎಂ. ಮಕ್ಕಳ ಟೈಯ ಮೇಲೂ ಅದೇ. ಒಳಗಿನ ಪಾಠವೆಲ್ಲ ಇಂಗ್ಲಿಷು. ಆಫೀಸಿನ ಬಾಗಿಲಿಗೆ ಮೊಳೆ ಒಂದು, ಫಲಕ ಎರಡು. ದಿನವೂ ತೂಗುವುದು ‘ಪ್ರಿನ್ಸಿಪಾಲ್ ಪದ್ಮಜಾ’. ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದ ದಿನ ಅದನ್ನು ಇಳಿಸಿ, ‘ವಿರೂಪಾಕ್ಷ, ಬಿ.ಎ., ಬಿ.ಇಡಿ., ಮುಖ್ಯೋಪಾಧ್ಯಾಯರು’ ಎಂಬುದನ್ನು ಏರಿಸುತ್ತಾರೆ. ಅದು ನಾನು. ಕಾಗದದ ಮೇಲೆ ಹೆಡ್‌ಮಾಸ್ತರ. ಉಳಿದ ದಿನ ಊಟದ ನಂತರ ಕಣ್ಣು ಎಳೆಯುವ ಮಕ್ಕಳಿಗೆ ಕನ್ನಡದ ಪಿರಿಯಡ್ಡು ತೆಗೆದುಕೊಳ್ಳುವವನು.

ಸಾಹೇಬರ ಜೀಪು ಓಣಿಯ ತಿರುವಿನಲ್ಲಿ ಕಂಡರೆ ಸಿಪಾಯಿ ಲಗಮಣ್ಣ ಗಂಟೆಗೆ ಮೂರು ಪೆಟ್ಟು ಹಾಕುತ್ತಾನೆ. ಇಂಗ್ಲಿಷ್ ಪುಸ್ತಕ ಚೀಲದ ತಳಕ್ಕೆ, ಕನ್ನಡ ಪುಸ್ತಕ ಬೆಂಚಿನ ಮೇಲಕ್ಕೆ. ಮಕ್ಕಳು ಅದಕ್ಕೆ ‘ಕನ್ನಡ ಗಂಟಿ’ ಎಂದು ಹೆಸರಿಟ್ಟಿದ್ದಾರೆ. ಚಿಕ್ಕವರಿಗೆ ನೆನಪಿರಲೆಂದು ನಾನೇ ಕಟ್ಟಿಕೊಟ್ಟ ಪದ್ಯ:

ಟಣ್ ಟಣ್ ಟಣ್ ಗಂಟೆಯ ಸದ್ದು,
ಎ ಬಿ ಸಿ ಡಿ ಚೀಲಕೆ ಬಿದ್ದು,
ಅ ಆ ಇ ಈ ಕೂತಿತು ಎದ್ದು.

ಪ್ರಾಸ ಚೆನ್ನಾಗಿ ಕೂತಿದೆ. ಅದೇ ನಾಚಿಕೆ.

ಪದ್ಮಜಾ ಬಾಯಿ ಧಾರವಾಡದವರು, ಕಾನ್ವೆಂಟಿನಲ್ಲಿ ಓದಿದವರು, ಆದರೂ ಒಳ್ಳೆಯವರು. ಪತ್ರಿಕೆ ಮಡಚಿಟ್ಟು ಹೇಳಿದರು: “ಮಾಸ್ತರ, ಕಾನೂನು ಗಟ್ಟಿ ನಿಂತ್ರ ನನ್ನ ಫಲಕ ಅಟ್ಟಕ್ಕ. ಬಿದ್ದ್ರ ನಿಮ್ಮದು. ಸುಳ್ಳ ಹೇಳೂದs ಬ್ಯಾಡಾತು ಅಂದ್ರ ನಿಮ್ಮನ್ನ ಯಾರು ಇಟಗೋತಾರ? ಮೊಳಿ ಅಂತೂ ಒಂದs ಅದ.”

ನಾನು ನಕ್ಕೆ. ಕಾನೂನು ನಿಲ್ಲುತ್ತದೆ. ಶಾಲೆ ನಿಜವಾಗಿ ಕನ್ನಡದ್ದಾಗುತ್ತದೆ, ನನ್ನ ಫಲಕ ಕಾಯಂ ಆಗುತ್ತದೆ. ಊರು ನಮ್ಮ ಕಡೆ ಇದೆ. ನವೆಂಬರಿನಲ್ಲಿ ನೋಡಬೇಕು ಈ ಊರನ್ನು.

೨೨ ಸೆಪ್ಟೆಂಬರ್, ಶುಕ್ರವಾರ

ಸಾಹೇಬರು ಬಂದರು. ಮೂರು ಪೆಟ್ಟು, ಫಲಕ, ಕುರ್ಚಿ. ಹಿಂದಿನ ಸಲ ಇಳಿಸಿಟ್ಟ ನನ್ನ ಫಲಕದಲ್ಲಿ ಜೇಡ ಮನೆ ಮಾಡಿತ್ತು. ಲಗಮಣ್ಣ ಅಂಗಿಯ ತೋಳಿನಿಂದಲೇ ಒರೆಸಿದ.

ಪ್ರತಿ ಕ್ಲಾಸಿಗೂ ‘ಸಾಹೇಬರ ಪಾಠ’ ಎಂದು ಒಂದನ್ನು ಗೊತ್ತುಮಾಡಿದ್ದೇವೆ. ಎರಡನೆಯ ಕ್ಲಾಸಿಗೆ ಆಕಳ ಪಾಠ, ಹನ್ನೆರಡನೆಯ ಪುಟ. ಸಾಹೇಬರು ಮುಂದಿನ ಸಾಲಿನ ಹುಡುಗಿಗೆ ಚಿತ್ರ ತೋರಿಸಿ ಕೇಳಿದರು: “ಇದೇನವ್ವಾ?”

“ಕೌ ರೀ.”

ಕ್ಲಾಸು ಉಸಿರು ಬಿಗಿಹಿಡಿಯಿತು. ಹುಡುಗಿಗೂ ತಪ್ಪು ಹೊಳೆಯಿತು.

“ಅಲ್ರೀ ಸಾಹೇಬ್ರ, ಇವತ್ತ ಆಕಳರೀ.”

ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. ನಾನು ಕಣ್ಸನ್ನೆ ಮಾಡಿದೆ. ಮಕ್ಕಳೆಲ್ಲ ಎದ್ದು ನಿಂತು ನಾನು ಬರೆದ ವಂದನೆ ಹೇಳಿದರು:

ಕನ್ನಡ ನಮ್ಮ ಮನೆಯ ಮಾತು,
ಕಲಿಯುವೆವದನೇ ಸಾಲಲಿ ಕೂತು;
ಬಾಗಿಲಲಿ ನಿಂತ ಹಿರಿಯರ ನೋಡಿ
ವಂದಿಸುವೆವು ಎರಡೂ ಕೈ ಜೋಡಿ.

“ಭೇಷ್. ಕೂಡ್ರಿ,” ಎಂದರು ಸಾಹೇಬರು. ಅವರು ಪ್ರತಿ ಸಲವೂ ಹೇಳುವುದು ಇವೆರಡೇ ಮಾತು. ಕನ್ನಡ ಮಾಧ್ಯಮ ಸಮರ್ಪಕವಾಗಿದೆ ಎಂದು ಬರೆದು, ಜೀಪು ಹತ್ತುವ ಮುಂಚೆ ಪದ್ಮಜಾ ಬಾಯಿಯವರನ್ನು ಮಗ್ಗುಲಿಗೆ ಕರೆದು ಕೇಳಿದರು: “ನಮ್ಮ ಮೊಮ್ಮಗಳ ಸ್ಪೆಲ್ಲಿಂಗ್ ಏನರ ಸುಧಾರಿಸೇತೇನ್ರಿ?”

ಮೂರನೆಯ ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಕೂಡುವ ಹುಡುಗಿ ಅವರ ಮೊಮ್ಮಗಳಂತೆ. ಇದುವರೆಗೆ ನನಗೆ ಗೊತ್ತಿರಲಿಲ್ಲ. ವಂದನೆಯನ್ನು ಎಲ್ಲರಿಗಿಂತ ಜೋರಾಗಿ ಹೇಳುವವಳು ಅವಳೇ.

ಈ ವಾರ ಎಲ್ಲ ಪಿರಿಯಡ್ಡೂ ಸಾಹೇಬರ ಪಾಠಕ್ಕೇ ಹೋಯಿತು. ಮುಂದಿನ ವಾರದಿಂದ ಹೊಸ ಪಾಠ ಶುರು ಮಾಡಬೇಕು.

೧ ನವೆಂಬರ್ ೨೦೦೬, ಬುಧವಾರ

ಮೆರವಣಿಗೆ. ಕೆಂಪು ಹಳದಿ ಶಾಲು. ನಮ್ಮ ಶಾಲೆಯ ಚೇರಮನ್ ಸುಭಾಸಪ್ಪನವರು, ಹತ್ತಿ ವ್ಯಾಪಾರಿ, ಜೀಪಿನ ಬಾನೆಟ್ಟಿನ ಮೇಲೆ ಧ್ವಜ ಹಿಡಿದು ಕೂತಿದ್ದರು. ಘೋಷಣೆ ನನ್ನದು:

ಹಾಲಿನ ಜೋಡಿ ಬಂದ ಮಾತು
ಸಾಲಿಯಲಿರಲಿ ಮುಂದೇ ಕೂತು!

ಬಜಾರಿನಿಂದ ಚೆನ್ನಮ್ಮನ ಸಮಾಧಿಯವರೆಗೂ ಊರು ಇದನ್ನೇ ಕೂಗಿತು. ಎಲ್ಲರಿಗಿಂತ ಮೇಲೆ ಮಹಾಂತಪ್ಪನ ದನಿ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವನು, ಗಂಟಲಿಗೂ ಹೊಸ ಬಿಡಿಭಾಗ ಹಾಕಿಸಿದಂತಿದ್ದ. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಬರೆಯಲಿ.

ಮುಗಿದ ಮೇಲೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಮಹಾಂತಪ್ಪ ತಡೆದ.

“ಮಾಸ್ತರ, ನಮ್ಮ ಎನ್ವಿಎಂ ಬಂದ್ ಆಗಂಗಿಲ್ಲ, ಹೌದಲ್ರಿ? ಹುಡುಗನ್ನ ಕನ್ನಡದಾಗ ಕುಂದ್ರಸೋ ಪಾಳಿ ಬರಂಗಿಲ್ಲಲಾ?”

“ಮಹಾಂತಪ್ಪ, ಮುಂಜಾನಿಂದ ನೀ ಏನಂತ ಒದರಿದಿ?”

“ಅದು ನಾಡಿಂದು ಮಾತ್ರೀ ಮಾಸ್ತರ.” ಗ್ಲಾಸು ನನ್ನ ಕೈಗಿಟ್ಟ. “ಇದು ಹುಡುಗಂದು.”

ಕುಡಿದೆ. ಕಬ್ಬಿನ ಹಾಲಿಗೆ ಶುಂಠಿ ಜಾಸ್ತಿಯಾಗಿತ್ತು.

೧೫ ಜನವರಿ ೨೦೦೭, ಸೋಮವಾರ

ಹೊಸ ಡೈರಿ, ಅದೇ ಅಂಗಡಿ. ಮಾನ್ಯತೆ ರದ್ದಾದ ಶಾಲೆಗಳು ಮತ್ತೆ ಕೋರ್ಟಿಗೆ ಹೋಗಿ ಉಸಿರು ಹಿಡಿದುಕೊಂಡಿವೆ. ನಮ್ಮ ಹೆಸರು ಆ ಯಾದಿಯಲ್ಲಿರಲಿಲ್ಲ. ನಮ್ಮ ಗಂಟೆ ಚೆನ್ನಾಗಿದೆ.

ಮಗಳು ಮಧು ಸರಕಾರಿ ಕನ್ನಡ ಸಾಲಿಯಲ್ಲಿ ಎರಡನೆಯ ಇಯತ್ತೆ. ಎಳ್ಳು ಬೆಲ್ಲದ ತಾಟು ತೊಳೆಯುತ್ತ ಅನ್ನಪೂರ್ಣಾ ಶುರು ಮಾಡಿದಳು.

“ಹೆಡ್‌ಮಾಸ್ತರ ಮಗಳು ಹೆಡ್‌ಮಾಸ್ತರ ಸಾಲ್ಯಾಗ ಯಾಕಿಲ್ಲ ಅಂತ ಮಂದಿ ಕೇಳಾಕ ಹತ್ಯಾರ್ರಿ.”

“ತತ್ವದ ಪ್ರಶ್ನೆ ಅದು.”

“ತತ್ವಾ ನಿಮ್ಮದು. ಅದನ್ನ ಮಧೂನ ಚೀಲದಾಗ ಯಾಕ ತುಂಬತೀರಿ? ಹೊರಾಕಿ ಅಕಿ.”

“ಕಾನೂನು ಗೆದ್ದರೆ ಎಲ್ಲ ಸಾಲಿನೂ ಒಂದs ಆಗತಾವ. ಸ್ವಲ್ಪ ತಾಳು.”

“ಕಾನೂನು ಗೆಲ್ಲೂತನಕಾ ಅಕಿ ಎರಡನೇ ಇಯತ್ತ್ಯಾಗs ಇರ್ತಾಳೇನು?”

ತಾಟು ತೊಳೆಯುವ ಸಪ್ಪಳ ಜೋರಾಯಿತು. ನನ್ನ ನಿರ್ಧಾರ ಅಚಲ. ಅಚಲಕ್ಕೆ ಪ್ರಾಸ ಹುಡುಕಿದೆ, ವಿಚಲ ಸಿಕ್ಕಿತು. ಬರೆಯಲಿಲ್ಲ.

೪ ಜೂನ್ ೨೦೦೭, ಸೋಮವಾರ

ಈ ವರ್ಷದಿಂದ ಸರಕಾರಿ ಸಾಲಿಯಲ್ಲೂ ಒಂದನೆಯ ಇಯತ್ತೆಯಿಂದ ಇಂಗ್ಲಿಷ್ ಒಂದು ವಿಷಯ. ಅಂದ ಮೇಲೆ ನಾನೊಬ್ಬನೇ ಗಡಿ ಕಾಯುವುದು ಯಾರಿಗಾಗಿ?

ಮಧುವನ್ನು ಎನ್ವಿಎಂಗೆ ಸೇರಿಸಿದೆ. ಮೂರನೆಯ ಕ್ಲಾಸು. ತಾತ್ಕಾಲಿಕ.

ಕನ್ನಡಿಯ ಮುಂದೆ ನಿಂತು ಟೈ ಸರಿಮಾಡಿಕೊಂಡಳು. ಟೈ ಅವಳಿಗಿಂತ ಉದ್ದವಾಗಿದೆ.

೨೪ ಅಕ್ಟೋಬರ್ ೨೦೦೭, ಬುಧವಾರ. ಕಿತ್ತೂರು

ಉತ್ಸವಕ್ಕೆಂದು ಬಂದವರು ಇಲ್ಲಿಯ ಒಂದು ಶಾಲೆಯಲ್ಲಿ ಚರ್ಚಾಸ್ಪರ್ಧೆಗೂ ಹೋದೆವು. ವಿಷಯ: ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ಇರಬೇಕು. ಪರವಾಗಿ ನಮ್ಮ ಒಬ್ಬ ಹುಡುಗಿ, ವಿರೋಧವಾಗಿ ಮಹಾಂತಪ್ಪನ ಮಗ. ಇಬ್ಬರಿಗೂ ಭಾಷಣ ಬರೆದುಕೊಟ್ಟವನು ನಾನೇ. ಬೇರೆ ಯಾರಿದ್ದಾರೆ?

ಹುಡುಗಿಯ ಭಾಷಣದಲ್ಲಿ ಮನಶ್ಶಾಸ್ತ್ರವಿತ್ತು, ದೇಶವಿದೇಶಗಳ ಉದಾಹರಣೆ ಇತ್ತು. ಬಹಳ ಶ್ರಮಪಟ್ಟು ಬರೆದಿದ್ದೆ. ಸಭೆ ಶೇಂಗಾ ಸುಲಿಯುತ್ತ ಕೇಳಿತು. ಮಹಾಂತಪ್ಪನ ಮಗನದನ್ನು ಬಸ್ಸಿಗೆ ಕಾಯುತ್ತ ಕಾಲು ತಾಸಿನಲ್ಲಿ ಗೀಚಿದ್ದೆ. ಕೊನೆಗೆ ಏನೂ ತೋಚದೆ ಎರಡು ಸಾಲು ಪ್ರಾಸ ಹೊಂದಿಸಿ ಮುಗಿಸಿದ್ದೆ. ಹುಡುಗ ಎದೆ ಮುಂದೆ ಮಾಡಿ ಕೂಗಿದ:

ಮಾತು ಕಲಿಸಿದಳು ಹಡೆದ ತಾಯಿ,
ಸರಕಾರವೇ, ನೀ ಮುಚ್ಚು ಬಾಯಿ!

ಶೇಂಗಾ ಚೆಲ್ಲಿ ಜನ ಎದ್ದು ನಿಂತರು. ತಗಡಿನ ಮಾಡು ಚಪ್ಪಾಳೆಗೆ ಗುಂಯ್ಗುಟ್ಟಿತು. “ಇನ್ನೊಮ್ಮಿ ಅನ್ನಲೇ ಮಗನ!” ಎಂದು ಹಿಂದಿನಿಂದ ಯಾರೋ ಕೂಗಿದರು. ಹುಡುಗ ಇನ್ನೊಮ್ಮೆ ಅಂದ, ಮಗದೊಮ್ಮೆ ಅಂದ. ಪ್ರಥಮ ಬಹುಮಾನ, ಸ್ಟೀಲಿನ ತಂಬಿಗೆ.

ಬಸ್ಸಿನಲ್ಲಿ ಮಹಾಂತಪ್ಪ ನನ್ನ ಬೆನ್ನು ತಟ್ಟಿದ. “ಮಾಸ್ತರ, ನಮ್ಮ ಹೊಟ್ಟ್ಯಾಗಿನ ಮಾತ ಹೆಂಗ ಗೊತ್ತಾತ್ರಿ ನಿಮಗ?”

ನನಗೆ ಗೊತ್ತಿದ್ದದ್ದು ತಾಯಿಗೆ ಬಾಯಿ ಹೊಂದುತ್ತದೆ ಎಂಬುದಷ್ಟೇ. ಮಕ್ಕಳು ದಾರಿಯುದ್ದಕ್ಕೂ ಅದನ್ನೇ ಕೂಗಿದರು. ಮಧು ಕೂಡ. ಅವಳ ತಾಳ ಚೆನ್ನಾಗಿದೆ, ನನ್ನಿಂದ ಬಂದದ್ದು.

೧೨ ಫೆಬ್ರುವರಿ ೨೦೦೮, ಮಂಗಳವಾರ

ಈ ವರ್ಷ ಸಾಹೇಬರು ಒಮ್ಮೆಯೂ ಬಂದಿಲ್ಲ. ಕೋರ್ಟಿನಲ್ಲಿರುವ ವಿಷಯ, ಯಾಕೆ ಕೈ ಹಾಕಬೇಕು ಎಂದು ಸುಮ್ಮನಿದ್ದಾರಂತೆ. ಇದು ಸರಿಯಲ್ಲ. ಕಾನೂನು ಇದೆ ಎಂದ ಮೇಲೆ ತಪಾಸಣೆಯೂ ಇರಬೇಕು.

ಸುಭಾಸಪ್ಪನವರಿಗೆ ನಾನೇ ಹೋಗಿ ಸೂಚಿಸಿದೆ: ಮಕ್ಕಳು ಮರೆತುಬಿಡುತ್ತಾರೆ, ವಾರಕ್ಕೊಮ್ಮೆಯಾದರೂ ಕನ್ನಡ ಗಂಟೆ ಬಾರಿಸಿ ತಾಲೀಮು ಮಾಡಿಸಬೇಕು. ಅವರು ಹತ್ತಿಯ ಸ್ಯಾಂಪಲ್ಲು ಎಳೆದು ನೋಡುತ್ತಲೇ “ಆತ್ ಬಿಡ್ರಿ” ಎಂದರು. ಇವತ್ತು ಮೊದಲ ತಾಲೀಮು. ಮೂರು ಪೆಟ್ಟು ಬಿದ್ದೊಡನೆ ಎಷ್ಟು ಚುರುಕಾಗಿ ಪುಸ್ತಕ ಅದಲುಬದಲಾದವು! ಲಗಮಣ್ಣ ನನ್ನ ಫಲಕವನ್ನೂ ಏರಿಸಿದ. ಅರ್ಧ ತಾಸು ಕುರ್ಚಿಯಲ್ಲಿ ಕೂತಿದ್ದೆ. ಪದ್ಮಜಾ ಬಾಯಿ ಹೊರಗೆ ನಿಂತು, “ಒಳಗ ಬರಲ್ರೀ ಸರ್?” ಎಂದು ಚೇಷ್ಟೆ ಮಾಡಿದರು.

ಮನಸ್ಸಿಗೆ ಹಗುರವೆನಿಸಿತು. ಹೊಸ ಪಾಠ ಮುಂದಿನ ವಾರ.

೩ ಜುಲೈ ೨೦೦೮, ಗುರುವಾರ

ಬಿತ್ತು.

ಹೈಕೋರ್ಟಿನ ಪೂರ್ಣಪೀಠ ನಿನ್ನೆ ತೀರ್ಪು ಕೊಟ್ಟಿದೆ. ಅನುದಾನವಿಲ್ಲದ ಖಾಸಗಿ ಶಾಲೆಗಳಲ್ಲಿ ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬುದು ತಂದೆತಾಯಿಗಳ ಆಯ್ಕೆ. ಸರಕಾರ ಒತ್ತಾಯ ಮಾಡುವಂತಿಲ್ಲ. ಓದುತ್ತ ಓದುತ್ತ ಕಿತ್ತೂರಿನ ತಗಡಿನ ಮಾಡು ಕಿವಿಯಲ್ಲಿ ಗುಂಯ್ಗುಟ್ಟಿತು.

ನ್ಯಾಯಾಧೀಶರು ಸಂವಿಧಾನವನ್ನು ನೋಡಿಯೇ ಬರೆದಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ತೊಂಬತ್ಮೂರರಲ್ಲಿ ಸುಪ್ರೀಂ ಕೋರ್ಟು ಕನ್ನಡದ ಪರವಾಗಿ ಹೇಳಿದಾಗಲೂ ಸಂವಿಧಾನವನ್ನು ನೋಡಿಯೇ ಹೇಳಿತ್ತು. ನಡುವೆ ಬದಲಾದದ್ದು ಏನು? ಈ ಊರು ಎಂದೋ ತೀರ್ಪು ಕೊಟ್ಟುಬಿಟ್ಟಿತ್ತು, ಬೆಂಗಳೂರಿಗೆ ಅದರ ನಕಲು ತಲುಪಿದ್ದು ನಿನ್ನೆ. ಆದೇಶ ಇದ್ದಾಗ ಊರು ಅದಕ್ಕೆ ಎದುರು ಹೇಳಲಿಲ್ಲ, ಒಂದು ಗಂಟೆ ಕಟ್ಟಿಕೊಂಡಿತು ಅಷ್ಟೇ.

ಬಜಾರಿನಲ್ಲಿ ಪಟಾಕಿ. ಮಹಾಂತಪ್ಪ ಪೇಡೆ ಹಂಚುತ್ತಿದ್ದ. ಅವನ ಸುತ್ತ ಇದ್ದವರು ನವೆಂಬರಿನ ಜನವೇ, ಶಾಲು ಮಾತ್ರ ಇರಲಿಲ್ಲ. ಕೂಗುತ್ತಿದ್ದುದು ನನ್ನ ಪ್ರಾಸ. ಹಡೆದ ತಾಯಿ, ಮುಚ್ಚು ಬಾಯಿ.

“ತಗೋರಿ ಮಾಸ್ತರ, ಬಾಯಿ ಸಿಹಿ ಮಾಡ್ರಿ. ನಿಮ್ಮ ಹಾಡು ಹೈಕೋರ್ಟ್ ಗೆದ್ದೈತಿ.”

ತಿಂದೆ. ಧಾರವಾಡದ್ದು, ತಾಜಾ ಇತ್ತು.

ಲಗಮಣ್ಣ ಕೇಳಿದ: “ಸರ, ಇನ್ನ ಜೀಪ ಕಂಡ್ರ ನಾ ಏನ್ ಮಾಡ್ಲಿ?” ಪದ್ಮಜಾ ಬಾಯಿ ನನ್ನ ಮುಖ ನೋಡಲಿಲ್ಲ.

೯ ಜುಲೈ, ಬುಧವಾರ

ಮುಂಜಾನೆ ತಹಸೀಲದಾರ ಕಚೇರಿಯ ಮುಂದೆ ತೀರ್ಪನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸಬೇಕೆಂದು ಧರಣಿ. ಮುಂದಾಳು ನಮ್ಮ ಚೇರಮನ್ ಸುಭಾಸಪ್ಪನವರೇ. ‘ಹಾಲಿನ ಜೋಡಿ’ ಹಳೆಯದಾಯಿತು, ಹೊಸದು ಬೇಕು ಎಂದರು. ಮೂರು ದಿನ ಪೆನ್ನು ಹಿಡಿದು ಕೂತರೂ ಬರಲಿಲ್ಲ, ಹಳೆಯದನ್ನೇ ಕೂಗಿದೆವು. ಮನವಿಗೆ ಊರೆಲ್ಲ ಸಹಿ ಹಾಕಿತು. ಮಹಾಂತಪ್ಪನೂ ಹಾಕಿದ, ಇಂಗ್ಲಿಷಿನಲ್ಲಿ, ಕೆಳಗೆ ಎರಡು ಗೀರು ಎಳೆದು.

ಮಧ್ಯಾಹ್ನ ಪೇಂಟರು ಬಂದ. ‘ಎನ್.ವಿ.ಎಂ. ಇಂಗ್ಲಿಷ್ ಮೀಡಿಯಂ ಸ್ಕೂಲ್’ ಎಂಬ ಹೊಸ ಬೋರ್ಡು. ಚೇರಮನ್ನರು ಕೊರಳಿನ ಶಾಲು ಇನ್ನೂ ತೆಗೆದಿರಲಿಲ್ಲ.

“ಮಾಸ್ತರ, ಬೋರ್ಡಿನ ಬುಡಕ ಎರಡ ಸಾಲ ಹಾಕೂಣು. ಮಂದಿ ನೆನಪಿಡುವಂಗ ಇರಬೇಕ ನೋಡ್ರಿ.”

ನಿಂತ ಕಾಲಲ್ಲೇ ಬರೆದುಕೊಟ್ಟೆ:

ಮಗುವಿನ ಮುಂದಿದೆ ಅಗಲದ ದಾರಿ,
ಎನ್ವಿಎಂ ಬಸ್ಸಲಿ ಇಂಗ್ಲಿಷ್ ಸವಾರಿ!

ಪೇಂಟರನಿಗೂ ಹಿಡಿಸಿತು. ಬಹಳ ದಿನಗಳ ಮೇಲೆ ಒಂದು ಪದ್ಯ ತಿದ್ದುವ ಕೆಲಸವಿಲ್ಲದೆ ಬಂತು. ಬಸ್ಸು ಇನ್ನೂ ಕೊಂಡಿಲ್ಲ, ಅದೊಂದೇ ದೋಷ.

೧೩ ಜುಲೈ, ಭಾನುವಾರ. ಸವದತ್ತಿ

ದಿಗಂಬರನನ್ನು ಕಾಣಲು ಬಂದೆ. ಕಾಲೇಜಿನ ಗೆಳೆಯ, ಇಲ್ಲಿ ಕನ್ನಡ ಪ್ರಾಥಮಿಕ ಶಾಲೆ ನಡೆಸುತ್ತಾನೆ. ನನಗೊಂದು ಜಾಗ ಇದ್ದೀತೇ ಎಂದು ಕೇಳುವುದಿತ್ತು. ಕೇಳುವ ಮುಂಚೆಯೇ ಅವನು ಶಾಲೆಯ ಬಾಗಿಲು ತೆಗೆದು ತೋರಿಸಿದ. ಒಂದು ಕೋಣೆಯಲ್ಲಿ ಬೆಂಚು, ಉಳಿದವುಗಳಲ್ಲಿ ಯಾರದೋ ಶೇಂಗಾ ಚೀಲ.

“ಎಷ್ಟು ಮಕ್ಕಳು?”

“ಮಳಿ ಬಂದ್ರ ಜಾಸ್ತಿ. ದನಾ ಕಾಯೋ ಹುಡುಗೂರು ಒಳಗ ನಿಂದರತಾವ.”

ಅವನ ತಾಯಿ ಗಂಗೂಬಾಯಿ ಒಳಗಿನಿಂದ ಮರಾಠಿಯಲ್ಲಿ ಏನೋ ಕೂಗಿದರು. ದಿಗಂಬರ ಮರಾಠಿಯಲ್ಲೇ ಉತ್ತರ ಕೊಟ್ಟು, ನನ್ನ ಕಡೆ ತಿರುಗಿ ನಕ್ಕ.

“ನೋಡು ವಿರೂಪಾಕ್ಷ. ತಾಯಿಮಾತಿನಾಗs ಕಲಿಸಬೇಕು ಅಂತ ಬಡಕೊಂಡವ ನಾ. ನನ್ನ ತಾಯಿಮಾತು ಮರಾಠಿ. ಕಲಿಸಿದ್ದು ಕನ್ನಡ. ನನ್ನ ಮಗ ಮಿಲಿಂದ ಕಲ್ತಿದ್ದು ಇಂಗ್ಲಿಷ್. ನಮ್ಮನಿ ಒಂದ ಕೋರ್ಟಿಗೆ ಹೋದ್ರ ಮೂರು ತೀರ್ಪ ಬರತಾವ.”

“ನಾವು ಗೆಲ್ಲಬೇಕಾಗಿತ್ತು ದಿಗಂಬರ.”

“ಗೆದ್ದಾಗ ಏನ್ ಕಿಸದ್ವಿ? ಕಾನೂನಿನ ಬೆನ್ನಿಗೆ ಆತುಕೊಂಡು ನಿದ್ದಿ ಮಾಡಿದ್ವಿ. ಮಂದಿ ಮನಸ್ಸಿನ ಬಾಗಿಲಾ ಒಂದ ದಿನಾನೂ ತಟ್ಟಲಿಲ್ಲ. ಈಗ ನೀನs ಹೇಳಿದಿಯಲಾ, ಅಂವಾ ಮಹಾಂತಪ್ಪ ಹುಡುಗಂದು ಬ್ಯಾರೆ ಅಂತಾನ ಅಂತ? ಅಂವಗ ಎದುರು ಕೂತು ಯಾಕಪಾ ಅಂತ ಕೇಳಿದ್ದೇನು ನೀ?”

ಕೇಳಿರಲಿಲ್ಲ. ಕಬ್ಬಿನ ಹಾಲು ಕುಡಿದು ಬಂದಿದ್ದೆ.

ಗಂಗೂಬಾಯಿಯವರು ಅವಲಕ್ಕಿ ಕೊಟ್ಟರು. ಕೆಲಸದ ಮಾತು ನಾನು ತೆಗೆಯಲೇ ಇಲ್ಲ. ಅವನೂ ತೆಗೆಯಗೊಡಲಿಲ್ಲ, ಪುಣ್ಯಾತ್ಮ. ಮುನವಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಒಂದು ಪ್ರಾಸವಾದರೂ ಹೊಳೆದೀತೆಂದು ಕಾದೆ. ಡೀಸೆಲ್ ವಾಸನೆ ಬಂತು.

೧೮ ಜುಲೈ, ಶುಕ್ರವಾರ

ಚೇರಮನ್ನರು ಮಾರ್ಕೆಟ್ಟಿನ ಅಡತಿ ಅಂಗಡಿಗೆ ಕರೆಸಿದ್ದರು. ಹತ್ತಿಯ ಅಂಡಿಗೆಯ ಮೇಲೆ ಕೂಡ್ರಿಸಿ ಚಹಾ ತರಿಸಿದರು. ಚಹಾ ಬಂದಾಗಲೇ ತಿಳಿಯಿತು.

“ತಪ್ಪ ತಿಳಕೋಬ್ಯಾಡ್ರಿ ಮಾಸ್ತರ. ಒಂದ ಸಾಲಿಗೆ ಎರಡ ಹೆಡ್ ಯಾಕ ಅಂತಾರ ಕಮಿಟಿಯವರು. ಕನ್ನಡ ಪಿರಿಯಡ್ಡ ಡ್ರಿಲ್ ಮಾಸ್ತರ ನೋಡಕೋತಾನಂತ. ಈ ತಿಂಗಳ ಮುಗಸಿಬಿಡ್ರಿ. ನವೆಂಬರ್ ಒಂದಕ್ಕ ಮಾತ್ರ ನೀವs ಬರಬೇಕ್ ನೋಡ್ರಿ, ನಿಮ್ಮ ಬಿಟ್ರ ಕನ್ನಡಕ್ಕ ಯಾರದಾರ?”

“ಆಗಲಿ,” ಎಂದೆ. ಕಪ್ಪು ಕೆಳಗಿಟ್ಟಾಗ ಅಂಗಿಯ ತುಂಬ ಹತ್ತಿ ಅಂಟಿತ್ತು.

ಅನ್ನಪೂರ್ಣಾ ಅಳಲಿಲ್ಲ. ನನ್ನ ಅಂಗಿಗೆ ಅಂಟಿದ ಹತ್ತಿ ಬಿಡಿಸುತ್ತ, “ನಿಮ್ಮ ಮನಸಿಗೆ ಅಷ್ಟ ನೋವಾಗಿದ್ರ ಮಧೂನ್ನ ತಿರುಗಿ ಕನ್ನಡ ಸಾಲಿಗೆ ಹಾಕೂಣು. ನಾ ಇನ್ನ ಒಂದ ಮಾತ ಆಡಂಗಿಲ್ಲ,” ಎಂದಳು.

ನಾನು ಬೇಡವೆಂದೆ. ನಡುವೆ ಮಾಧ್ಯಮ ಬದಲಿಸಿದರೆ ಮಗುವಿಗೆ ಕಷ್ಟ. ಈಗಷ್ಟೇ ಹೊಂದಿಕೊಂಡಿದ್ದಾಳೆ. “ನಾಡಿಂದು ಬ್ಯಾರೆ ಮಾತು. ಇದು ಮಗಳದು,” ಎಂದೆ.

ಅವಳು ನನ್ನನ್ನು ಯಾಕೆ ಹಾಗೆ ನೋಡಿದಳೋ ತಿಳಿಯಲಿಲ್ಲ.

೨೨ ಜುಲೈ, ಮಂಗಳವಾರ

ಏನೂ ಇಲ್ಲ.

೨೬ ಜುಲೈ, ಶನಿವಾರ

ತಿಂಗಳು ಮುಗಿಯಲು ಇನ್ನೂ ಐದು ದಿನವಿದೆ. ಆದರೂ ಇವತ್ತೇ ಸಾಕು ಎಂದು ಹೇಳಿಬಂದೆ.

ಮುಂಜಾನೆ ಸಾಲಿ. ಪದ್ಮಜಾ ಬಾಯಿ ನನ್ನ ಫಲಕವನ್ನು ಒರೆಸಿ, ಪತ್ರಿಕೆಯಲ್ಲಿ ಸುತ್ತಿ ಕೈಗೆ ಕೊಟ್ಟರು. “ಮನಿ ಬಾಗಿಲಿಗೆ ಹಾಕ್ರಿ ಸರ್,” ಎಂದರು. ಈ ಸಲ ಚೇಷ್ಟೆ ಇರಲಿಲ್ಲ. ಆಫೀಸಿನ ಬಾಗಿಲಿಗೆ ಅವರ ಫಲಕವನ್ನು ಈಗ ಸ್ಕ್ರೂ ಹಾಕಿ ಕೂಡಿಸಿದ್ದಾರೆ. ಮೊಳೆ ಕಿತ್ತ ಜಾಗದಲ್ಲಿ ಬಣ್ಣ ಉದುರಿದೆ.

ಹೊರಗೆ ಬಂದೆ. ಗಂಟೆಯ ಹತ್ತಿರ ಲಗಮಣ್ಣ ಇರಲಿಲ್ಲ, ಕೋಲು ಇತ್ತು. ಬೇಕೆಂದು ಮಾಡಿದ್ದಲ್ಲ. ಕೈಗೆ ಕೋಲು ಬಂತು, ಮೂರು ಪೆಟ್ಟು ಬಿತ್ತು.

ಒಂದನೆಯ ಕ್ಲಾಸಿನ ಹೊಸ ಮಕ್ಕಳು ಸಾಲಿ ಬಿಟ್ಟಿತೆಂದು ಚೀಲ ಹೆಗಲಿಗೇರಿಸಿಕೊಂಡು ಹೋ ಎಂದು ಅಂಗಳಕ್ಕೆ ನುಗ್ಗಿದರು. ಅವರಿಗೆ ಈ ಗಂಟೆಯ ಅರ್ಥ ಯಾರೂ ಹೇಳಿಲ್ಲ. ಇನ್ನು ಹೇಳುವುದೂ ಇಲ್ಲ.

ಮೇಲಿನ ಕ್ಲಾಸುಗಳಿಂದ ಪರಿಚಯದ ಸಪ್ಪಳ ಕೇಳಿತು: ಚೀಲದ ಬಾಯಿ ತೆರೆದು ಪುಸ್ತಕ ಮೇಲೆ ಕೆಳಗೆ ಆಗುವ ಸಪ್ಪಳ. ಹೋಗಿ ನಾಲ್ಕನೆಯ ಕ್ಲಾಸಿನ ಬಾಗಿಲಲ್ಲಿ ನಿಂತೆ. ಗಣಿತ ಹೇಳುತ್ತಿದ್ದ ಟೀಚರಮ್ಮ ಬೋರ್ಡಿಗೆ ಬರೆಯಲು ಖಡು ಹಿಡಿದ ಕೈ ಹಾಗೆಯೇ ಎತ್ತಿಕೊಂಡು ನಿಂತಿದ್ದರು. ಎಲ್ಲ ಬೆಂಚಿನ ಮೇಲೂ ಕನ್ನಡ ಪುಸ್ತಕ, ಹೋದ ವರ್ಷದ್ದೇ; ಈ ವರ್ಷದ್ದನ್ನು ಯಾರೂ ತರಿಸಿಲ್ಲ. ಯಾರೂ ಪುಟ ಹುಡುಕಲಿಲ್ಲ. ಪುಸ್ತಕಗಳು ತಾವೇ ಸಾಹೇಬರ ಪಾಠಕ್ಕೆ ತೆರೆದುಕೊಂಡವು. ಆ ಒಂದು ಪುಟ ಮಾತ್ರ ಬೆರಳ ಜಿಡ್ಡಿಗೆ ಕಪ್ಪಾಗಿದೆ. ಅದರ ಹಿಂದಿನವೂ ಮುಂದಿನವೂ ಅಂಗಡಿಯಿಂದ ತಂದ ದಿನದಷ್ಟೇ ಬಿಳುಪು.

ಇಡೀ ಕ್ಲಾಸಿನ ಮುಂದೆ ಕನ್ನಡ ತೆರೆದು ಕೂತಿದೆ, ಸಾಹೇಬರಿಲ್ಲ, ಕಾನೂನಿಲ್ಲ, ಯಾರ ಅಂಜಿಕೆಯೂ ಇಲ್ಲ. ಏನಾದರೂ ಒಂದು ಹೇಳಿಕೊಡಬೇಕು ಎನಿಸಿತು. ಬಾಯಿ ತೆರೆದೆ. ಏನೂ ಬರಲಿಲ್ಲ.

ಮಕ್ಕಳು ನಾನು ನಿಂತ ಬಾಗಿಲನ್ನು ನೋಡಿ ಎದ್ದು ನಿಂತರು. ಕಣ್ಸನ್ನೆ ಯಾರೂ ಮಾಡಿರಲಿಲ್ಲ.

ಬಾಗಿಲಲಿ ನಿಂತ ಹಿರಿಯರ ನೋಡಿ
ವಂದಿಸುವೆವು ಎರಡೂ ಕೈ ಜೋಡಿ.

ಎರಡನೆಯ ಸಾಲಿನಲ್ಲಿ ಮಧು. ಕೈ ಜೋಡಿಸಿ, ಕಣ್ಣು ನೇರ ನನ್ನ ಮೇಲಿಟ್ಟು, ನಾನು ಯಾರೆಂದೇ ಗೊತ್ತಿಲ್ಲದವಳ ಹಾಗೆ. ಹಾಗೆ ನಿಲ್ಲಬೇಕೆಂದು ಕಲಿಸಿದವನೂ ನಾನೇ.

“ಭೇಷ್. ಕೂಡ್ರಿ,” ಎಂದೆ.

ಕೂತರು. ಕ್ಲಾಸು ಕಾಯಿತು. ಮಧು ಕೈ ಎತ್ತಿದಳು.

“ಸರ್, ಸಾಹೇಬರು ಹೋದ್ರೇನ್ರಿ? ಕನ್ನಡಾ ಒಳಗ ಹಾಕಲ್ರಿ?”

“ಹಾಕ್ರಿ,” ಎಂದೆ.